ಬಿಪಿ ಮಾತ್ರೆ ನುಂಗೋರಿಗೆ ಮಂಡಿನೋವಿನ ಮಾತ್ರೆ: ಎಷ್ಟು ದಿನ, ಯಾವ ಟೆಸ್ಟು?

ಬಂಗಾರಪೇಟೆ_ಆಶಾ
ಎಲ್ಲರಿಗೂ ನಮಸ್ಕಾರ. 64 ವರ್ಷದ ಒಬ್ಬ ಅಮ್ಮನ ಚೀಟಿ ವಿಚಾರ. ಬೆಳಗ್ಗೆ ಟೆಲ್ಮಿಸಾರ್ಟನ್ 40 + ಹೈಡ್ರೋಕ್ಲೋರೋಥಯಾಜೈಡ್ 12.5 ಇರೋ ಬಿಪಿ ಮಾತ್ರೆ, ಸಕ್ಕರೆಗೆ ಮೆಟ್‌ಫಾರ್ಮಿನ್ 1000 ಎರಡು ಹೊತ್ತು. ಮಂಡಿನೋವಿಗೆ ಅಸೆಕ್ಲೋಫೆನಾಕ್ 100 + ಪ್ಯಾರಾಸಿಟಮಾಲ್ 325 ಎರಡು ಹೊತ್ತು, ಜೊತೆಗೆ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ 40. ಡಾಕ್ಟ್ರು 5 ದಿನಕ್ಕೆ ಅಂತ ಬರೆದಿದ್ದಾರೆ, ಆದ್ರೆ ಅದೇ ಚೀಟಿ ತೋರಿಸಿ ಎರಡು ತಿಂಗಳಿಂದ ತಗೋತಾ ಇದಾರೆ. ಮೊದಲು 130ರ ಆಸುಪಾಸಲ್ಲಿದ್ದ ಬಿಪಿ ಈಗ 164/96. ಪಾದ ಊದಿದೆ. ಬಿಪಿ ಮಾತ್ರೆ ಜಾಸ್ತಿ ಮಾಡಿಸಬೇಕಾ, ಇಲ್ಲ ಇದು ನೋವಿನ ಮಾತ್ರೆಯ ಕೆಲಸಾನಾ?

ಮುಳಬಾಗಿಲು_ಫಾರ್ಮಸಿ
ಬಿಪಿ ಮಾತ್ರೆ ಜಾಸ್ತಿ ಮಾಡೋ ಮುಂಚೆ ನೋವಿನ ಮಾತ್ರೆ ನಿಲ್ಲಿಸಿ ನೋಡ್ಬೇಕು ಅಕ್ಕ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಎಲ್ಲಾ ಒಂದೇ ಜಾತಿ. ಉಪ್ಪು, ನೀರು ಎರಡನ್ನೂ ಮೈಯಲ್ಲೇ ಹಿಡಿದಿಡ್ತವೆ. ಪಾದ ಊದೋದು, ಬಿಪಿ ಏರೋದು ಅದರಿಂದಲೇ.

ಈ ಚೀಟಿಯಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಇದೆ. ಕಿಡ್ನಿಯ ಸೋಸುಗಕ್ಕೆ ರಕ್ತ ಒಳಗೆ ಬರೋ ನಾಳವನ್ನ ತೆರೆದಿಡೋದು ಮೈಯೇ ತಯಾರಿಸೋ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ. ನೋವಿನ ಮಾತ್ರೆ ಅದನ್ನೇ ಕಮ್ಮಿ ಮಾಡ್ತದೆ, ಒಳಬರೋ ನಾಳ ಬಿಗಿಯಾಗ್ತದೆ. ಟೆಲ್ಮಿಸಾರ್ಟನ್ ಹೊರಹೋಗೋ ನಾಳವನ್ನ ಸಡಿಲ ಮಾಡ್ತದೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರದಲ್ಲಿ ನೀರು ಹೊರಗೆ ಹಾಕ್ತದೆ. ಒಳಗೆ ಬರೋದು ಕಮ್ಮಿ, ಹೊರಗೆ ಹೋಗೋದು ಸರಾಗ, ರಕ್ತದಲ್ಲಿ ನೀರೂ ಕಮ್ಮಿ. ಸೋಸೋಕೆ ಬೇಕಾದ ಒತ್ತಡವೇ ಉಳಿಯಲ್ಲ. ಈ ಮೂರೂ ಸೇರಿದಾಗ ಕಿಡ್ನಿಗೆ ಪೆಟ್ಟು ಬೀಳೋ ಸಂಭವ ಮೊದಲ ಒಂದು ತಿಂಗಳಲ್ಲೇ ಜಾಸ್ತಿ.

ಈಗ ಮಾಡ್ಬೇಕಾದ್ದು: ಅಸೆಕ್ಲೋಫೆನಾಕ್ ನಿಲ್ಲಿಸಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ನಾವೇ ನಿಲ್ಲಿಸೋದು ಬೇಡ, ಅದು ಡಾಕ್ಟ್ರ ತೀರ್ಮಾನ. ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ರೆ ರಕ್ತದಲ್ಲಿ ಏರೋ ಅಂಶ), ಪೊಟ್ಯಾಸಿಯಂ, ಮೂತ್ರ ಪರೀಕ್ಷೆ ಇವತ್ತು ನಾಳೆಯೊಳಗೆ ಆಗ್ಲಿ. ಮೂತ್ರ ತೀರಾ ಕಮ್ಮಿಯಾಗಿದ್ರೆ, ಏದುಸಿರು ಇದ್ರೆ ಟೆಸ್ಟಿಗೆ ಕಾಯದೆ ನೇರ ಆಸ್ಪತ್ರೆಗೆ.

ಗೌರಿಬಿದನೂರು_ಗುರು
ಗ್ಯಾಸ್ ಮಾತ್ರೆ ಕೊಟ್ಟಿದಾರಲ್ಲ ಗುರು, ಏನೂ ಆಗಲ್ಲ ಬಿಡಿ.

ತುಮಕೂರು_ಡ್ಯೂಟಿ_ಡಾಕ್ಟರ್
ಗುರು ಅವರೇ, ಪ್ಯಾಂಟೊಪ್ರಜೋಲ್ ಕಾಯೋದು ಜಠರ ಮತ್ತು ಅದಕ್ಕೆ ಅಂಟಿದ ಮೊದಲ ಭಾಗದ ಕರುಳನ್ನ. ಕಿಡ್ನಿಗೂ ಹೃದಯಕ್ಕೂ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಕೆಳಗಿನ ಸಣ್ಣಕರುಳಿಗೂ ಇಲ್ಲ.

ಅದನ್ನ ನುಂಗೋ ರೀತಿಯೂ ಬಹಳ ಜನಕ್ಕೆ ತಪ್ಪು. ಊಟ ಆದ್ಮೇಲೆ ನೋವಿನ ಮಾತ್ರೆ ಜೊತೆ ಒಟ್ಟಿಗೆ ನುಂಗ್ತಾರೆ. ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳೋದು ಒಳ್ಳೇದು.

ಇನ್ನೊಂದು ಭ್ರಮೆ, ಹೊಟ್ಟೆ ಉರಿ ಬಂದಿಲ್ಲ ಅಂದ್ರೆ ಹುಣ್ಣಾಗಿಲ್ಲ ಅಂತ. ವಯಸ್ಸಾದವರಲ್ಲಿ ನೋವೇ ಇಲ್ಲದೆ ನೇರ ರಕ್ತಸ್ರಾವ ಆಗಬಹುದು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಇದ್ರೆ ಅದು ರಕ್ತ. ಕಬ್ಬಿಣಾಂಶದ ಮಾತ್ರೆ ತಗೊಳ್ಳೋರಿಗೂ ಮಲ ಕಪ್ಪಾಗ್ತದೆ, ಆದ್ರೆ ಅದು ಹಸಿರು ಮಿಶ್ರಿತ ಕಪ್ಪು, ಅಂಟಲ್ಲ. ಅನುಮಾನ ಇದ್ರೆ ಹಿಮೋಗ್ಲೋಬಿನ್ ನೋಡಿ.

ಚಿಂತಾಮಣಿ_ಚಂದ್ರಿ
ಹಾಗಾದ್ರೆ ಮಾತ್ರೆ ಬೇಡ, ಇಂಜೆಕ್ಷನ್ ಹಾಕಿಸಿಕೊಂಡ್ರೆ ಹೊಟ್ಟೆ ಬಚಾವ್ ಅಲ್ವಾ?

ತುಮಕೂರು_ಡ್ಯೂಟಿ_ಡಾಕ್ಟರ್
ಇಲ್ಲ. ಜಠರದ ಒಳಪೊರೆ ಕಾಯೋ ಪ್ರೋಸ್ಟಾಗ್ಲಾಂಡಿನ್ ಕಮ್ಮಿಯಾಗೋದು ರಕ್ತದ ಮೂಲಕ. ಸೊಂಟಕ್ಕೆ ಚುಚ್ಚಿದ್ರೂ ಹುಣ್ಣಾಗ್ತದೆ, ಗುದದ್ವಾರದಲ್ಲಿ ಇಟ್ಟರೂ ಆಗ್ತದೆ.

ತಿಪಟೂರು_ತೆಂಗು
ಕಿಡ್ನಿಗೆ ಅಷ್ಟೊಂದು ಯೋಚ್ನೆ ಇದ್ರೆ ದಿನಾ ಎರಡು ಎಳನೀರು ಕುಡಿಸ್ರಪ್ಪ. ಎಲ್ಲಾ ತೊಳ್ಕೊಂಡು ಹೋಗ್ತೈತೆ.

ಕೋಲಾರ_ಡಯಾಲಿಸಿಸ್_ಟೆಕ್
ಅಣ್ಣಾ, ದಯವಿಟ್ಟು ಇದನ್ನ ಹೇಳ್ಬೇಡಿ. ಎಳನೀರಲ್ಲಿ ಪೊಟ್ಯಾಸಿಯಂ ಬಹಳ. ನೋವಿನ ಮಾತ್ರೆಯೂ ಟೆಲ್ಮಿಸಾರ್ಟನ್ನೂ ಪೊಟ್ಯಾಸಿಯಂ ಹೊರಗೆ ಹೋಗದ ಹಾಗೆ ತಡೀತವೆ. ಕಿಡ್ನಿ ಸೋಸೋದು ಕಮ್ಮಿಯಾಗಿದ್ದಾಗ ಎಳನೀರೂ ಸೇರಿದ್ರೆ ಪೊಟ್ಯಾಸಿಯಂ 6 ದಾಟಿ ಹೃದಯದ ಬಡಿತವೇ ತಪ್ಪಬಹುದು. ರಿಪೋರ್ಟ್ ಕೈಗೆ ಬರೋವರೆಗೆ ಎಳನೀರು, ಬಾಳೆಹಣ್ಣು, ‘ಸೋಡಿಯಂ ಕಮ್ಮಿ’ ಅಂತ ಮಾರೋ ಉಪ್ಪು ಮೂರೂ ದೂರ ಇರಲಿ. ಆ ಉಪ್ಪಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರ್ತಾರೆ.

ತಿಪಟೂರು_ತೆಂಗು
ಸರಿ ಬಿಡಪ್ಪ, ಕಾಯಿಗೂ ಕೇಸ್ ಹಾಕಿದ್ರಿ 😄

ಶಿಡ್ಲಘಟ್ಟ_ರೀಲರ್
ನೀರಿನ ವಿಷಯ ಬಂತಲ್ಲ. ನಮ್ಮ ಕಡೆ ರೇಷ್ಮೆ ನೂಲು ತೆಗೆಯೋ ಫಿಲೇಚರಲ್ಲಿ ಬಿಸಿನೀರ ಮುಂದೆ ದಿನವಿಡೀ ನಿಲ್ಲೋರು, ಟೊಮೇಟೊ ತೋಟದಲ್ಲಿ ಬಗ್ಗಿ ಬಿಡಿಸೋರು, ಇವರಿಗೇ ಸೊಂಟನೋವು, ಮಂಡಿನೋವು ಹೆಚ್ಚು. ಬೆವರು ಸುರೀತದೆ. ಶೌಚಾಲಯ ದೂರ ಅಂತ ಹೆಂಗಸರು ನೀರೇ ಕುಡಿಯಲ್ಲ. ಮಧ್ಯಾಹ್ನ ಒಂದು ನೋವಿನ ಮಾತ್ರೆ ನುಂಗಿ ಮತ್ತೆ ನಿಲ್ತಾರೆ. ಬಿಪಿ ಮಾತ್ರೆ ಇಲ್ಲದೋರಿಗೂ ಇದು ಅಪಾಯ ತಾನೇ?

ಮುಳಬಾಗಿಲು_ಫಾರ್ಮಸಿ
ಖಂಡಿತ. ಮೈಯಲ್ಲಿ ನೀರು ಕಮ್ಮಿ ಇದ್ದಾಗ ಕಿಡ್ನಿ ನಿಂತಿರೋದೇ ಪ್ರೋಸ್ಟಾಗ್ಲಾಂಡಿನ್ ಬಲದ ಮೇಲೆ. ಅಂಥ ಹೊತ್ತಲ್ಲೇ ಅದನ್ನ ಕಿತ್ಕೊಂಡ ಹಾಗೆ. ವಾಂತಿ, ಭೇದಿ, ಜೋರು ಜ್ವರ ಇರೋ ದಿನ ಈ ಜಾತಿಯ ಮಾತ್ರೆ ಮುಟ್ಟಲೇಬಾರದು. ಮೂತ್ರ ಹೆಚ್ಚು ಮಾಡೋ ಬಿಪಿ ಮಾತ್ರೆ, ಮೆಟ್‌ಫಾರ್ಮಿನ್ ಇದ್ರೆ ಆ ದಿನಗಳಲ್ಲಿ ಏನು ಮಾಡ್ಬೇಕು ಅಂತ ಡಾಕ್ಟ್ರನ್ನ ಮೊದಲೇ ಕೇಳಿ ಚೀಟಿ ಮೇಲೆ ಬರೆಸಿಡಿ. ಡೆಂಗಿ ಅನುಮಾನ ಇದ್ರಂತೂ ಪ್ಯಾರಾಸಿಟಮಾಲ್ ಒಂದೇ. ಪ್ಲೇಟ್‌ಲೆಟ್ ಮೊದಲೇ ಕುಸಿದಿರ್ತದೆ, ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಟ್ರೆ ರಕ್ತಸ್ರಾವಕ್ಕೆ ದಾರಿ.

ಪಾವಗಡ_ಬೋರ್‌ವೆಲ್
ಎಲ್ರೂ ಮಾತ್ರೆ ಬಗ್ಗೆನೇ ಮಾತಾಡ್ತಿದೀರ. ನಮ್ಮ ಪಾವಗಡ, ಅತ್ಲಾಗೆ ಬಾಗೇಪಲ್ಲಿ, ಮುಳಬಾಗಿಲು ಕಡೆ ಮೊಣಕಾಲು ನೋವು ಅಂತ ಬರೋರಲ್ಲಿ ಎಷ್ಟು ಜನಕ್ಕೆ ಫ್ಲೋರೈಡ್ ನೀರಿನ ನೋವು ಅಂತ ಯಾರು ನೋಡ್ತಾರೆ? ಬೆನ್ನು, ಕತ್ತು ಸೆಟೆದುಕೊಂಡು ಬಗ್ಗೋಕೆ ಆಗಲ್ಲ ಅಂದ್ರೆ, ಮನೆಯ ಬೇರೆಯವರಿಗೂ ಹಾಗೇ ಇದ್ರೆ, ಹಲ್ಲಲ್ಲಿ ಕಂದು ಪಟ್ಟೆ ಇದ್ರೆ ಮೊದಲು ನೀರು ಟೆಸ್ಟ್ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗ್ತೈತೆ. ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯೋಕೆ ಮಾತ್ರ ತಂದು, ಮುದ್ದೆಗೆ, ಸಾರಿಗೆ ಕೊಳವೆಬಾವಿ ನೀರನ್ನೇ ಬಳಸಿದ್ರೆ ಅರ್ಧ ಫ್ಲೋರೈಡ್ ಹೊಟ್ಟೆಗೇ ಹೋಯ್ತು.

ಗೌರಿಬಿದನೂರು_ಗುರು
ವಿಷಯಾಂತರ!

ತುಮಕೂರು_ಡ್ಯೂಟಿ_ಡಾಕ್ಟರ್
ವಿಷಯಾಂತರ ಅಲ್ಲ ರೀ. ಫ್ಲೋರೋಸಿಸ್ ನೋವಿಗೆ ಕೊನೆಯೇ ಇಲ್ಲ, ಮಾತ್ರೆಯೂ ವರ್ಷಗಟ್ಟಲೆ ಹೋಗ್ತದೆ. ಮೇಲಾಗಿ ಫ್ಲೋರೈಡ್ ಹೊರಹೋಗೋದು ಮುಖ್ಯವಾಗಿ ಮೂತ್ರದಲ್ಲೇ. ಕಿಡ್ನಿ ಕೆಟ್ಟರೆ ಮೂಳೆಯಲ್ಲಿ ಇನ್ನೂ ಹೆಚ್ಚು ಕೂರ್ತದೆ. ಮುಂದೋಳಿನ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ರೆ ಬಲವಾದ ಸುಳಿವು.

ಮಾಲೂರು_ಮಂಜಣ್ಣ
ಟ್ರಮಾಡಾಲ್ ಕಿಡ್ನಿಗೆ ಏನೂ ಮಾಡಲ್ವಂತೆ. ಅದನ್ನೇ ಬರೆಸ್ಕೊಂಡ್ರೆ ಮುಗೀತಲ್ಲ?

ತುಮಕೂರು_ಡ್ಯೂಟಿ_ಡಾಕ್ಟರ್
ಮುಗಿಯಲ್ಲ ಮಂಜಣ್ಣ. ಕಿಡ್ನಿಯ ರಕ್ತಸಂಚಾರ ಕೆಡಿಸಲ್ಲ ಅನ್ನೋದು ನಿಜ. ಆದ್ರೆ ಅದು ಅಫೀಮಿನ ಗುಂಪಿನ ಔಷಧಿ. 2018ರಿಂದ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಕೊಡೋ ಹಾಗೇ ಇಲ್ಲ.

ದಿನಕ್ಕೆ ಹೆಚ್ಚೆಂದ್ರೆ 400 ಮಿಲಿಗ್ರಾಂ, 75 ದಾಟಿದವರಿಗೆ 300. ಕಿಡ್ನಿ ಸೋಸೋ ವೇಗ ನಿಮಿಷಕ್ಕೆ 30 ಮಿಲೀಗಿಂತ ಕೆಳಗಿದ್ರೆ 12 ಗಂಟೆಗೊಮ್ಮೆ, ದಿನಕ್ಕೆ 200 ಮೀರಬಾರದು, ಯಾಕಂದ್ರೆ ಅದು ಹೊರಹೋಗೋದೂ ಕಿಡ್ನಿಯಿಂದಲೇ, ಒಳಗೇ ಸೇರ್ಕೊಳ್ತದೆ. ಫಿಟ್ಸ್ ಇರೋರಿಗೆ ಬೇಡವೇ ಬೇಡ. ಡೋಸ್ ಹೆಚ್ಚಾದ್ರೆ ಫಿಟ್ಸ್ ಇಲ್ಲದವರಿಗೂ ಬರಬಹುದು. ಮನಸ್ಸಿನ ಕಾಯಿಲೆಗೆ ಎಸಿಟಲೋಪ್ರಾಮ್, ಫ್ಲೂಆಕ್ಸೆಟಿನ್, ಅಮಿಟ್ರಿಪ್ಟಿಲಿನ್ ತಗೊಳ್ಳೋರಿಗೆ ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕ ಉಕ್ಕಿ ನಡುಕ, ಬೆವರು, ಜ್ವರ, ಗೊಂದಲ ಶುರುವಾಗಬಹುದು. ಎಣ್ಣೆ ಹಾಕೋರಿಗೆ, ನಿದ್ದೆ ಮಾತ್ರೆ ನುಂಗೋರಿಗೆ ಉಸಿರೇ ನಿಧಾನ ಆಗಬಹುದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯೋದೂ ಉಂಟು.

ದಿನನಿತ್ಯದ ಕಾಟ ಬೇರೆ: ಮೊದಲ ದಿನಗಳಲ್ಲಿ ವಾಕರಿಕೆ, ತಲೆಸುತ್ತು, ಆಮೇಲೆ ಮಲಬದ್ಧತೆ. ವಯಸ್ಸಾದವರು ರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರೆ ಮಂಡಿನೋವೇ ವಾಸಿ ಅನ್ನಿಸ್ತದೆ. ವಾರಗಟ್ಟಲೆ ತಗೊಂಡವರು ಒಮ್ಮೆಲೇ ಬಿಡಬಾರದು, ಹಂತಹಂತವಾಗಿ ಇಳಿಸ್ಬೇಕು.

ಚಿಂತಾಮಣಿ_ಚಂದ್ರಿ
ಎಟೋರಿಕಾಕ್ಸಿಬ್? ಅದು ಹೊಟ್ಟೆಗೆ ಒಳ್ಳೇದು ಅಂತಾರೆ.

ಮುಳಬಾಗಿಲು_ಫಾರ್ಮಸಿ
ಹೊಟ್ಟೆಗೆ ಸ್ವಲ್ಪ ವಾಸಿ, ಬಿಪಿಗೆ ಇನ್ನೂ ಕೆಟ್ಟದು. ಬಿಪಿ 140/90 ಮೇಲೇ ಇದ್ದು ಹತೋಟಿಗೆ ಬಂದಿಲ್ಲ ಅಂದ್ರೆ ಕೊಡಲೇಬಾರದು. ಹಾರ್ಟ್ ಅಟ್ಯಾಕ್, ಲಕ್ವ ಆದವರಿಗೂ ಬೇಡ. 120 ಮಿಲಿಗ್ರಾಂ ಇರೋದು ಗೌಟ್ (ಯೂರಿಕ್ ಆಮ್ಲದಿಂದ ಬರೋ ಕೀಲುನೋವು) ಉಲ್ಬಣಿಸಿದಾಗ ಮಾತ್ರ, ಅದೂ 8 ದಿನ ಮೀರದ ಹಾಗೆ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಕಾರಣಕ್ಕೆ 2004ರಲ್ಲಿ ಮಾರುಕಟ್ಟೆಯಿಂದಲೇ ಹೋಯ್ತು. ಕಿಡ್ನಿ ವಿಚಾರದಲ್ಲಂತೂ ಅಸೆಕ್ಲೋಫೆನಾಕ್‌ಗೂ ಎಟೋರಿಕಾಕ್ಸಿಬ್‌ಗೂ ವ್ಯತ್ಯಾಸ ಇಲ್ಲ.

ಹಾರ್ಟಿಗೆ ಆಸ್ಪಿರಿನ್ 75 ತಗೊಳ್ಳೋರು ಐಬುಪ್ರೊಫೆನ್ ಬಗ್ಗೆ ಹುಷಾರು. ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತ್ಕೊಳ್ತದೆ, ಆಸ್ಪಿರಿನ್ ನುಂಗಿಯೂ ನುಂಗದ ಹಾಗೆ.

ಗೌರಿಬಿದನೂರು_ಗುರು
ತಪ್ಪೆಲ್ಲಾ ಮೆಡಿಕಲ್ ಸ್ಟೋರಿನೋರದು. 5 ದಿನದ ಚೀಟಿಗೆ ಎರಡು ತಿಂಗಳು ಕೊಡೋದು ಅಂದ್ರೇನು?

ಮುಳಬಾಗಿಲು_ಫಾರ್ಮಸಿ
ಕೊಡಬಾರದು, ಒಪ್ತೀನಿ. ಇದು ಷೆಡ್ಯೂಲ್ ಎಚ್, ಅಂದ್ರೆ ಡಾಕ್ಟ್ರ ಚೀಟಿ ಇದ್ರೆ ಮಾತ್ರ ಮಾರಬೇಕಾದ ಔಷಧಿ, ಮತ್ತೆ ಕೊಡಬಹುದು ಅಂತ ಡಾಕ್ಟ್ರು ಬರೆದಿರದಿದ್ರೆ ಒಂದು ಚೀಟಿಗೆ ಒಂದೇ ಸಲ. ಆದ್ರೆ ಚೀಟಿಯಲ್ಲಿ ‘5 ದಿನ’ ಅನ್ನೋದು ಒಂದು ಮೂಲೆಯಲ್ಲಿ ಗೀಚಿರ್ತದೆ, ಪಕ್ಕದಲ್ಲೇ ಬಿಪಿ ಮಾತ್ರೆಗೆ ‘ಮುಂದುವರಿಸಿ’ ಅಂತ ಇರ್ತದೆ. ಮನೆಯವರು ಎಲ್ಲಾ ಸೇರಿಸಿ ‘ತಿಂಗಳಿಗೆ ಕೊಡಿ’ ಅಂತಾರೆ. ನೋವಿನ ಮಾತ್ರೆಗೆ ಬೇರೆ ಚೀಟಿ ಬರೆದುಕೊಟ್ರೆ ಈ ಗೊಂದಲ ಅರ್ಧ ಕಮ್ಮಿ.

ತುಮಕೂರು_ಡ್ಯೂಟಿ_ಡಾಕ್ಟರ್
ಒಳ್ಳೇ ಸಲಹೆ. ಅದರ ಜೊತೆ ಇಮ್ಮಡಿ ಆಗೋದನ್ನೂ ಹಿಡೀಬೇಕು. ಒಬ್ಬ ಡಾಕ್ಟ್ರು ಅಸೆಕ್ಲೋಫೆನಾಕ್ ಬರೀತಾರೆ, ಹಲ್ಲಿನ ಡಾಕ್ಟ್ರು ಡೈಕ್ಲೋಫೆನಾಕ್ ಬರೀತಾರೆ, ಮನೆಯಲ್ಲಿ ತಲೆನೋವಿಗೆ ಐಬುಪ್ರೊಫೆನ್ ಇದ್ದೇ ಇದೆ. ಹೆಸರು ಮೂರು, ಕೆಲಸ ಒಂದೇ. ನೋವು ಮೂರು ಪಟ್ಟು ಇಳಿಯಲ್ಲ, ಹುಣ್ಣಿನ ಅಪಾಯ ಮಾತ್ರ ಏರ್ತದೆ.

ಪ್ಯಾರಾಸಿಟಮಾಲೂ ಹೀಗೇ ಕಳ್ಳದಾರೀಲಿ ಬರ್ತದೆ. ಈ ಅಮ್ಮನ ಮಾತ್ರೆಯಲ್ಲಿ 325 ಎರಡು ಸಲ, ಅಂದ್ರೆ 650. ಜ್ವರ ಅಂತ 650ರ ಮಾತ್ರೆ ದಿನಕ್ಕೆ ಮೂರು ಸೇರಿದ್ರೆ 2600. ಮೇಲೆ ಶೀತದ ಮಾತ್ರೆಯಲ್ಲಿ 500 ಇರೋದು ಮೂರು ಹೊತ್ತು ಹಾಕಿದ್ರೆ 4100. ಆರೋಗ್ಯವಂತ ದೊಡ್ಡವರಿಗೇ 4000 ಮಿತಿ. ಸಣಕಲು ಮೈಯವರಿಗೆ, ಕುಡಿಯೋರಿಗೆ, ಲಿವರ್ ಕೆಟ್ಟವರಿಗೆ ಅದಕ್ಕಿಂತ ಬಹಳ ಕೆಳಗೇ ನಿಲ್ಲಿಸ್ಬೇಕು.

ಹೆಸರಿನ ಕೊನೆಯ ಬಾಲ ಅಕ್ಷರ ನೋಡಿ. ‘ಎಸ್‌ಪಿ’ ಅಂದ್ರೆ ಸಾಮಾನ್ಯವಾಗಿ ಸೆರಾಶಿಯೋಪೆಪ್ಟಿಡೇಸ್ ಸೇರಿಸಿದ್ದು, ಅದರಿಂದ ಊತ ಇಳೀತದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ‘ಎಂಆರ್’ ಅಂದ್ರೆ ಸ್ನಾಯು ಸಡಿಲಿಸೋದು, ಟೈಜಾನಿಡಿನ್ ಅಥವಾ ಕ್ಲೋರ್‌ಜಾಕ್ಸಜೋನ್. ಟೈಜಾನಿಡಿನ್ ಇರೋದನ್ನ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಜೊತೆ ಕೊಡಲೇಬಾರದು, ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರಿ ಬಿಪಿ ಕುಸೀತದೆ. ಮೂತ್ರದ ಸೋಂಕು, ಸೊಂಟನೋವು ಎರಡೂ ಒಟ್ಟಿಗೆ ಬಂದಾಗ ಈ ಜೋಡಿ ಒಂದೇ ಚೀಟಿಯಲ್ಲಿ ಬರೋ ಸಾಧ್ಯತೆ ಇದೆ. ಸ್ನಾಯು ಸಡಿಲಿಸೋ ಇನ್ನೊಂದು ಔಷಧಿ ಥಯೋಕೋಲ್ಚಿಕೋಸೈಡ್ ಇದ್ರೆ 7 ದಿನ ಮೀರಬಾರದು, ಗರ್ಭಿಣಿಯರಿಗೆ ಕೂಡದು.

ಶ್ರೀನಿವಾಸಪುರ_ಮಾವು
ಇದೆಲ್ಲಾ ಸ್ಟ್ರಿಪ್ ಇರೋರ ಕಥೆ. ಪೇಪರ್ ಪೊಟ್ಟಣದಲ್ಲಿ ಬಿಡಿ ಮಾತ್ರೆ ಕೊಡ್ತಾರಲ್ಲ, ಬೆಳಗ್ಗೆ ನುಂಗಿದ್ರೆ ಸಂಜೆಗೆ ನೋವು ಮಾಯ, ಅದ್ರಲ್ಲಿ ಏನಿರ್ತದೆ?

ಕೋಲಾರ_ಡಯಾಲಿಸಿಸ್_ಟೆಕ್
ಅಷ್ಟು ಬೇಗ ಮಾಯ ಆದ್ರೆ ಮೊದಲ ಅನುಮಾನ ಸ್ಟೆರಾಯ್ಡ್. ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್, ಜೊತೆಗೆ ಒಂದು ಡೈಕ್ಲೋಫೆನಾಕ್. ಹುಣ್ಣಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಸಕ್ಕರೆ 300 ದಾಟೋದು, ಮುಖ ದುಂಡಗಾಗೋದು, ಚರ್ಮ ತೆಳುವಾಗಿ ಮುಟ್ಟಿದ್ರೆ ನೀಲಿಗಟ್ಟೋದು ಇದರ ಗುರುತು. ಗಂಟುನೋವಿಗೆ ಅಂತ ಮಾರೋ ಹೆಸರಿಲ್ಲದ ನಾಟಿ ಪುಡಿಗಳಲ್ಲೂ ಸ್ಟೆರಾಯ್ಡ್ ಬೆರೆಸಿರೋದು ಸಿಕ್ಕಿದೆ.

ಆದ್ರೆ ಗೊತ್ತಾದ ತಕ್ಷಣ ಬಿಸಾಕ್ಬೇಡಿ. ತಿಂಗಳುಗಟ್ಟಲೆ ನುಂಗಿದ್ರೆ ಮೈ ತಾನೇ ತಯಾರಿಸೋ ಸ್ಟೆರಾಯ್ಡ್ ನಿಂತಿರ್ತದೆ. ಒಮ್ಮೆಲೇ ಬಿಟ್ರೆ ವಾಂತಿ, ಸುಸ್ತು, ಬಿಪಿ ಕುಸಿದು ಪ್ರಜ್ಞೆ ತಪ್ಪಬಹುದು. ಉಳಿದ ಮಾತ್ರೆ ತಗೊಂಡು ಜಿಲ್ಲಾಸ್ಪತ್ರೆಗೆ ಹೋಗಿ, ಅವರು ಇಳಿಸೋ ಲೆಕ್ಕ ಹಾಕಿಕೊಡ್ತಾರೆ.

ಚಿಕ್ಕಬಳ್ಳಾಪುರ_ಪಶುವೈದ್ಯ
ಡೈಕ್ಲೋಫೆನಾಕ್ ಮಾತು ಬಂತು ಅಂತ ಒಂದು ಮಾತು. ಹಸುಗಳಿಗೆ ಡೈಕ್ಲೋಫೆನಾಕ್ 2006ರಿಂದಲೇ ನಿಷೇಧ. ಸತ್ತ ದನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು, ಒಳಗಿನ ಅಂಗಗಳ ಮೇಲೆಲ್ಲಾ ಯೂರಿಕ್ ಆಮ್ಲ ಬಿಳೀ ಪುಡಿಯಾಗಿ ಕೂತಿರ್ತಿತ್ತು. ಮನುಷ್ಯರಿಗೆ ಬರೋ ದೊಡ್ಡ ಬಾಟಲಿಯನ್ನ ದನಕ್ಕೆ ಚುಚ್ತಾರೆ ಅಂತ 2015ರಲ್ಲಿ 3 ಮಿಲೀ ಒಂಟಿ ಡೋಸಿಗೆ ಇಳಿಸಿದ್ರು. ಅಸೆಕ್ಲೋಫೆನಾಕ್ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿ ಬದಲಾಗ್ತದೆ, ಅದನ್ನೂ ಕೀಟೋಪ್ರೊಫೆನನ್ನೂ 2023ರಲ್ಲಿ ದನಗಳಿಗೆ ನಿಷೇಧಿಸಿದ್ರು. ಕೆಚ್ಚಲು ಬಾವಿಗೆ, ಕುಂಟೋದಕ್ಕೆ ಮೆಲಾಕ್ಸಿಕಾಮ್ ಇದೆ, ಹದ್ದಿಗೂ ಅಪಾಯ ಇಲ್ಲ. ಮನೆಯಲ್ಲಿ ಉಳಿದ ಮಾತ್ರೆ ಬೂಸಾದಲ್ಲಿ ಕಲಸಿ ಹಾಕ್ಬೇಡಿ. ನಾಯಿಗಂತೂ ಅರ್ಧ ಐಬುಪ್ರೊಫೆನ್ನೂ ಬೇಡ.

ಗೌರಿಬಿದನೂರು_ಗುರು
ರಾಮನಗರದ ಬೆಟ್ಟದಲ್ಲಿ ಉಳಿದಿರೋ ಹದ್ದು ಬಂದು ನಿಮಗೆ ಕೈಮುಗೀತವೆ ಸಾರ್ 🙏

ಬಂಗಾರಪೇಟೆ_ಆಶಾ
ರಿಪೋರ್ಟ್ ಬಂತು. ಕ್ರಿಯಾಟಿನಿನ್ 1.6, ಪೊಟ್ಯಾಸಿಯಂ 5.4. ಮೂತ್ರದಲ್ಲಿ ಪ್ರೋಟೀನ್ ಒಂದು ಪ್ಲಸ್. ಹೋದ ವರ್ಷದ ರಿಪೋರ್ಟಲ್ಲಿ ಕ್ರಿಯಾಟಿನಿನ್ 0.9 ಇತ್ತು.

ತುಮಕೂರು_ಡ್ಯೂಟಿ_ಡಾಕ್ಟರ್
ಹಳೇ ರಿಪೋರ್ಟ್ ಹುಡುಕಿದ್ದು ಬಹಳ ಒಳ್ಳೇದಾಯ್ತು ಮೇಡಂ. ಬರೀ 1.6 ನೋಡಿದ್ರೆ ‘ಸ್ವಲ್ಪ ಜಾಸ್ತಿ’ ಅಂತ ಬಿಟ್ಟುಬಿಡ್ತಾರೆ. 64 ವರ್ಷದ ಹೆಂಗಸಿಗೆ ಲೆಕ್ಕ ಹಾಕಿದ್ರೆ ಸೋಸೋ ವೇಗ ಸುಮಾರು 36. 0.9 ಇದ್ದಾಗ 70ರ ಆಸುಪಾಸು ಇತ್ತು. ಅರ್ಧಕ್ಕೆ ಇಳಿದಿದೆ.

ನಾಳೆಯೇ ಡಾಕ್ಟ್ರಿಗೆ ತೋರಿಸಿ, ಎರಡೂ ರಿಪೋರ್ಟ್ ಜೊತೆಗಿರಲಿ. ಅವರು ನೋಡೋದು: ಟೆಲ್ಮಿಸಾರ್ಟನ್ ಕೆಲವು ದಿನ ನಿಲ್ಲಿಸ್ಬೇಕಾ, ಮೆಟ್‌ಫಾರ್ಮಿನ್ ಅರ್ಧ ಮಾಡ್ಬೇಕಾ. ಸೋಸೋ ವೇಗ 45ರ ಕೆಳಗೆ ಬಂದ್ರೆ ದಿನಕ್ಕೆ 1000 ಸಾಕು, 30ರ ಕೆಳಗೆ ಪೂರ್ತಿ ಬಂದ್. ಪೊಟ್ಯಾಸಿಯಂ 5.4 ಆದ್ದರಿಂದ ಇಸಿಜಿ ಒಂದು ಮಾಡಿಸ್ಲಿ. ವಾರದೊಳಗೆ ಎರಡೂ ಟೆಸ್ಟ್ ಮತ್ತೆ. ನೋವಿನ ಮಾತ್ರೆ ನಿಂತ ಮೇಲೆ ಬಹಳ ಮಂದಿಗೆ ಕ್ರಿಯಾಟಿನಿನ್ ವಾಪಸ್ ಇಳೀತದೆ. ಇಳಿಯದಿದ್ರೆ, ಪ್ರೋಟೀನ್ ಹೆಚ್ಚಾದ್ರೆ ಕಿಡ್ನಿ ತಜ್ಞರ ಹತ್ರ ಕಳಿಸ್ಬೇಕು, ಈ ಮಾತ್ರೆಗಳು ಕಿಡ್ನಿಯೊಳಗೇ ಉರಿಯೂತ ಮಾಡೋದೂ ಇದೆ.

ಬಂಗಾರಪೇಟೆ_ಆಶಾ
ಮಂಡಿನೋವಿಗೆ ಏನು ಹೇಳ್ಲಿ? ನೋವು ತಡೆಯಲ್ಲ ಅಂತ ಮತ್ತೆ ಅದನ್ನೇ ನುಂಗ್ತಾರೆ.

ಕೋಲಾರ_ಫಿಸಿಯೋ
ಕ್ರಿಯಾಟಿನಿನ್ ಇಳಿಯೋವರೆಗೆ ಪ್ಯಾರಾಸಿಟಮಾಲ್ 500 ಒಂದೇ, ದಿನಕ್ಕೆ ಮೂರು, ಬೇರೆ ಯಾವುದರಲ್ಲೂ ಪ್ಯಾರಾಸಿಟಮಾಲ್ ಇಲ್ಲ ಅಂತ ನೋಡ್ಕೊಂಡು. ಆಮೇಲೆ ಡಾಕ್ಟ್ರು ಒಪ್ಪಿದ್ರೆ ಡೈಕ್ಲೋಫೆನಾಕ್ ಜೆಲ್. ಮಾತ್ರೆಗೆ ಹೋಲಿಸಿದ್ರೆ ರಕ್ತಕ್ಕೆ ಸೇರೋದು ನೂರಕ್ಕೆ ಸುಮಾರು 6 ಭಾಗ ಅಷ್ಟೇ. 1 ಪರ್ಸೆಂಟ್ ಜೆಲ್ ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲದವರೆಗೆ. ಬಟಾಣಿ ಗಾತ್ರ ಸವರಿ ‘ಕೆಲಸ ಮಾಡಲ್ಲ’ ಅನ್ನೋರೇ ಜಾಸ್ತಿ. ಹಚ್ಚಿದ ಮೇಲೆ ಬಿಸಿ ಶಾಖ ಬೇಡ, ಬಿಗಿಯಾಗಿ ಬಟ್ಟೆ ಕಟ್ಟೋದೂ ಬೇಡ, ಎರಡರಿಂದಲೂ ಒಳಗೆ ಹೋಗೋದು ಹೆಚ್ಚಾಗ್ತದೆ. ಕೈ ತೊಳೀದೆ ಕಣ್ಣು ಮುಟ್ಟಬಾರದು. ಜೆಲ್‌ಗಳಲ್ಲಿ ಕೆಲವಕ್ಕೆ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಸೇರಿಸಿರ್ತಾರೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ವಾರ್ಫರಿನ್ ತಗೊಳ್ಳೋರು ಅದನ್ನ ತಪ್ಪಿಸ್ಲಿ.

ತೊಡೆಯ ಸ್ನಾಯುಗೆ ಕೆಲಸ ಕೊಡಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ತೊಡೆ ಬಿಗಿಹಿಡಿದು 5 ಎಣಿಸಿ ಇಳಿಸೋದು, ಒಂದೊಂದು ಕಾಲಿಗೆ 10 ಸಲ, ಬೆಳಗ್ಗೆ ಸಂಜೆ. ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯೋದು, ಸೊಪ್ಪು ಬಿಡಿಸೋದು ನಿಲ್ಲಿಸಿ, ಒಂದು ಎತ್ತರದ ಮಣೆ ಸಾಕು. ಶೌಚಾಲಯಕ್ಕೆ ಕಮೋಡ್ ಸ್ಟೂಲ್ ಇಟ್ಟರೆ ಮಂಡಿ ಮಡಿಸೋದೇ ತಪ್ತದೆ.

ಚಿಂತಾಮಣಿ_ಚಂದ್ರಿ
ಇಂಥದನ್ನ ಎಲ್ಲಾದ್ರೂ ದೂರು ಕೊಡಬಹುದಾ? ಮಾತ್ರೆಯಿಂದ ಹೀಗಾಯ್ತು ಅಂತ?

ಮುಳಬಾಗಿಲು_ಫಾರ್ಮಸಿ
ದೂರು ಅಲ್ಲ, ವರದಿ. ಔಷಧಿಗಳ ಅಡ್ಡಪರಿಣಾಮ ದಾಖಲಿಸೋ ರಾಷ್ಟ್ರೀಯ ಸಹಾಯವಾಣಿ 1800-180-3024. ಡಾಕ್ಟ್ರೇ ಆಗ್ಬೇಕಿಲ್ಲ, ರೋಗಿಯೂ ಹೇಳಬಹುದು. ಮಾತ್ರೆ ಹೆಸರು, ಬ್ಯಾಚ್ ನಂಬರ್, ಶುರು ಮಾಡಿದ ದಿನ, ನಿಲ್ಲಿಸಿದ ದಿನ, ಜೊತೆಗಿದ್ದ ಬೇರೆ ಮಾತ್ರೆ, ರಿಪೋರ್ಟಿನ ಅಂಕಿ ಕೈಯಲ್ಲಿಟ್ಕೊಂಡು ಫೋನ್ ಮಾಡಿ. ಮುಟ್ಟಿನ ನೋವಿಗೆ ಕೊಡೋ ಮೆಫೆನಾಮಿಕ್ ಆಸಿಡ್ ಮೇಲೆ 2023ರಲ್ಲಿ ಎಚ್ಚರಿಕೆ ಬಂದಿದ್ದು ಇಂಥ ವರದಿಗಳಿಂದಲೇ. ಶುರು ಮಾಡಿ 2ರಿಂದ 8 ವಾರದೊಳಗೆ ಜ್ವರ, ಮೈಯೆಲ್ಲಾ ದದ್ದು, ಕತ್ತಲ್ಲಿ ಗಂಟು ಕಂಡ್ರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗ್ಬೇಕು.

ಶಿಡ್ಲಘಟ್ಟ_ರೀಲರ್
ಬ್ಯಾಚ್ ನಂಬರ್ ಸ್ಟ್ರಿಪ್ಪಿನ ತುದಿಯಲ್ಲಿ ಇರ್ತದೆ, ಮೊದಲ ಮಾತ್ರೆಯನ್ನೇ ಆ ಕಡೆಯಿಂದ ಹರಿದು ಬಿಸಾಕ್ತಾರೆ. ಇನ್ನೊಂದು ತುದಿಯಿಂದ ಬಿಡಿಸೋಕೆ ಹೇಳಿ ಅಕ್ಕ.

ಬಂಗಾರಪೇಟೆ_ಆಶಾ
ಇವತ್ತು ಕೊನೇ ಸ್ಟ್ರಿಪ್ ಇಸ್ಕೊಂಡು ಬಂದೆ, ನಂಬರ್ ಉಳಿದಿದೆ. ಬೆಳಗ್ಗೆ ಡಾಕ್ಟ್ರಿಗೆ ತೋರಿಸಿ ಇಸಿಜಿ ಆದ್ಮೇಲೆ ಇಲ್ಲೇ ಬರೀತೀನಿ.